ಹಣ್ಣು ಬೆಳೆಯುವ ಮನೆಯಲ್ಲಿ ಬಾಡಿದ ಮುಖವೇಕೆ?



ಚೀನಿ ಹಣ್ಣಿನ ಕೊಯ್ಲಿನ ದಿನಗಳಲ್ಲಿ ಮನೆಗಳ ಭೇಟಿಗೆ ಹೋದಾಗ ನಾವು ಕಂಡ ಒಂದು ಸಂಗತಿಯನ್ನು ಮೊದಲು ಹೇಳುತ್ತೇವೆ. ಅಂಗಳದ ತುಂಬ ಹಣ್ಣಿನ ರಾಶಿ. ಮನೆಮಂದಿಯೆಲ್ಲ ದಪ್ಪದ್ದು, ಸಣ್ಣದ್ದು ಎಂದು ಬೇರೆ ಮಾಡುತ್ತಿದ್ದರು. ಸಂಜೆಯೊಳಗೆ ಲಾರಿಗೆ ತುಂಬಬೇಕಿತ್ತು. ಒಳಗೆ ಇಪ್ಪತ್ತೆರಡು ವರ್ಷದ ಮಗ ಗೋಡೆಯತ್ತ ಮುಖ ಮಾಡಿ ಮಲಗಿದ್ದ. ಡಿಗ್ರಿ ಮುಗಿಸಿ, ಪಟ್ಟಣದಲ್ಲಿ ಕೆಲಸ ಸಿಗದೆ ಊರಿಗೆ ಮರಳಿದವನು. “ಸೋಮಾರಿ ಆಗಿಬಿಟ್ಟಿದ್ದಾನೆ ಫಾದರ್. ಟೀ, ಬಿಸ್ಕತ್ತು ಬಿಟ್ಟರೆ ಏನೂ ಬೇಡ ಅಂತಾನೆ” ಎಂದರು ತಾಯಿ. “ಈ ಹಣ್ಣು ಕೊಟ್ಟಿರಾ?” ಎಂದು ಕೇಳಿದೆವು. “ಅದು ಮಾರೋದಕ್ಕಲ್ವಾ?” ಎಂದರು.

ಅನಂತಪುರ ದೇಶದಲ್ಲೇ ಕಡಿಮೆ ಮಳೆ ಬೀಳುವ ಜಿಲ್ಲೆಗಳಲ್ಲಿ ಒಂದು. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಬಂದರೆ ಹೆಚ್ಚು. ವೇದಾವತಿಗೆ ಭೈರವಾನಿತಿಪ್ಪ ಅಣೆಕಟ್ಟು ಇದ್ದರೂ ನಮ್ಮ ಬೇಸಾಯ ಬಹುಮಟ್ಟಿಗೆ ಮಳೆ ಮತ್ತು ಬೋರಿನ ಮೇಲೆಯೇ ನಿಂತಿದೆ. ಶೇಂಗಾ ಕೈಕೊಟ್ಟ ಮೇಲೆ ಬೋರಿನಲ್ಲಿ ನೀರಿದ್ದವರು ಚೀನಿ, ದಾಳಿಂಬೆ, ಬಾಳೆ, ಪಪ್ಪಾಯಿ, ಮಾವಿನ ಕಡೆ ತಿರುಗಿದರು. ಹೀಗೆ ಬೆಳೆದ ಹಣ್ಣು ದೂರದ ಪಟ್ಟಣಗಳಿಗೆ ಹೋಗುತ್ತದೆ. ಬೆಳೆದವರ ಮಕ್ಕಳ ತಟ್ಟೆಗೆ ಮಾತ್ರ ಬರುವುದಿಲ್ಲ.

ಹಣ್ಣಿಗೂ ಮನಸ್ಸಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 2017ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 18ರಿಂದ 25 ವಯಸ್ಸಿನ, ಹಣ್ಣು ತರಕಾರಿ ಕಡಿಮೆ ತಿನ್ನುತ್ತಿದ್ದ 171 ಮಂದಿಯನ್ನು ಮೂರು ಗುಂಪು ಮಾಡಿದರು. ಒಂದು ಗುಂಪು ಎಂದಿನಂತೆ ಊಟ ಮಾಡಿತು. ಎರಡನೆಯದಕ್ಕೆ ಹಣ್ಣು ತರಕಾರಿ ಕೊಳ್ಳಲು ಚೀಟಿ ಕೊಟ್ಟು, ಫೋನಿನಲ್ಲಿ ಸಂದೇಶ ಕಳಿಸಿ ನೆನಪು ಮಾಡಿದರು. ಮೂರನೆಯದಕ್ಕೆ ಸೇಬು, ಕಿತ್ತಳೆ, ಕ್ಯಾರೆಟ್ ಮುಂತಾದವನ್ನು ಕೈಗೇ ಕೊಟ್ಟರು. 14 ದಿನಗಳ ನಂತರ ಲವಲವಿಕೆ, ಹುಮ್ಮಸ್ಸು ಹೆಚ್ಚಿದ್ದು ಈ ಮೂರನೆಯ ಗುಂಪಿನವರಲ್ಲಿ ಮಾತ್ರ. ಆದರೆ ಖಿನ್ನತೆಯ ಲಕ್ಷಣಗಳು ಆ ಎರಡು ವಾರಗಳಲ್ಲಿ ಕಡಿಮೆಯಾಗಲಿಲ್ಲ ಎಂಬುದನ್ನೂ ಅವರು ಮುಚ್ಚಿಡದೆ ಹೇಳಿದ್ದಾರೆ.

ಆಸ್ಟ್ರೇಲಿಯಾದ ಮಕ್ವಾರಿ ವಿಶ್ವವಿದ್ಯಾಲಯದವರು 2019ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಖಿನ್ನತೆಯ ಲಕ್ಷಣಗಳಿದ್ದ, 17ರಿಂದ 35 ವಯಸ್ಸಿನ 76 ಮಂದಿಯಲ್ಲಿ ಒಂದು ಭಾಗದವರಿಗೆ ಮೂರು ವಾರ ಇಡೀ ಊಟವನ್ನೇ ತಿದ್ದಿಕೊಳ್ಳಲು ಹೇಳಿದರು. ಹಣ್ಣು, ತರಕಾರಿ, ಇಡೀ ಧಾನ್ಯ, ಮೀನು, ಬೀಜಗಳು ಹೆಚ್ಚು. ಸಕ್ಕರೆ, ಕರಿದ ತಿಂಡಿ ಕಡಿಮೆ. ಅವರಲ್ಲಿ ಖಿನ್ನತೆಯ ಲಕ್ಷಣಗಳು ಇಳಿದವು. ಆದ್ದರಿಂದ ಹಣ್ಣೊಂದೇ ಔಷಧಿಯೆಂದು ತಿಳಿಯಬಾರದು. ಒಳ್ಳೆಯ ಊಟದ ಒಂದು ಅಂಗವಾಗಿ ಅದು ಮನಸ್ಸಿಗೂ ಆಸರೆಯಾಗುತ್ತದೆ. ಮನಸ್ಸು ಕುಗ್ಗಿದವನಿಗೆ ಊಟವೇ ಸೇರುವುದಿಲ್ಲ ಎಂಬುದೂ ನಿಜ. ಊಟ ಕೆಟ್ಟು ಮನಸ್ಸು ಕೆಡುತ್ತದೆ, ಮನಸ್ಸು ಕೆಟ್ಟು ಊಟ ಕೆಡುತ್ತದೆ.

ಎಲೀಯ ಪ್ರವಾದಿಯ ಕಥೆ ನಿಮಗೆ ಗೊತ್ತಿದೆ. ಸಾಕಾಯಿತು, ಸಾವು ಬರಲಿ ಎಂದು ಮರುಭೂಮಿಯಲ್ಲಿ ಗಿಡದ ಕೆಳಗೆ ಮಲಗಿದವನಿಗೆ ದೇವದೂತ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ತಂದಿಟ್ಟು ಎಬ್ಬಿಸಿದ, ಅದೂ ಎರಡು ಸಲ. “ಏಳು, ಏನಾದರೂ ತಿನ್ನು” ಎಂದು ದೂರದಿಂದ ಕೂಗುವುದಕ್ಕಿಂತ ಒಂದು ಹಣ್ಣು ಸುಲಿದು ಪಕ್ಕದಲ್ಲಿ ಕೂರುವುದು ಮೇಲು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಒಬ್ಬರಿಗೆ ದಿನಕ್ಕೆ 100 ಗ್ರಾಂ ಹಣ್ಣು ಎಂದು ಹೇಳಿದೆ. ಇದು ಒಂದು ಸೀಬೆಹಣ್ಣು ಅಥವಾ ಒಂದು ಬಾಳೆಹಣ್ಣಿನಷ್ಟು. ಇದಕ್ಕೆ ಪೇಟೆಯ ಸೇಬು ಬೇಕಿಲ್ಲ. ಬೇಸಿಗೆಯಲ್ಲಿ ಮಾವು, ಮುಂಗಾರಿಗೆ ನೇರಳೆ, ಮಳೆಗಾಲ ಕಳೆಯುವಾಗ ಗುಡ್ಡದ ಸೀತಾಫಲ, ಚಳಿಗೆ ಬಾರೆಹಣ್ಣು, ಹಿತ್ತಲಲ್ಲಿ ಪಪ್ಪಾಯಿ ಇವೆ. ಸೀಬೆಯಲ್ಲಿ ಚೀನಿಗಿಂತ ಹಲವು ಪಟ್ಟು ಸಿ ಜೀವಸತ್ವವಿದೆ.

ಮನೆಯಲ್ಲಿ ಮಾಡಬಹುದಾದದ್ದು ಇಷ್ಟು:

1. ಲಾರಿಗೆ ತುಂಬುವ ಮೊದಲು ಮನೆಯ ಪಾಲನ್ನು ಬುಟ್ಟಿಯಲ್ಲಿ ತೆಗೆದಿಡಿ. ದರ ಸಿಗದ ಸಣ್ಣ ಹಣ್ಣಿನಲ್ಲೂ ಸತ್ವ ಕಡಿಮೆ ಇರುವುದಿಲ್ಲ.

2. ಔಷಧಿ ಹೊಡೆದ ಹಣ್ಣಾದರೆ ಹೇಳಿದಷ್ಟು ದಿನ ಬಿಟ್ಟು, ಚೆನ್ನಾಗಿ ತೊಳೆದು ತಿನ್ನಿ.

3. ಸಕ್ಕರೆ ಹಾಕಿದ ರಸಕ್ಕಿಂತ ತೊಳೆಯೊಡನೆ ತಿನ್ನುವುದು ಒಳ್ಳೆಯದು. ಸಕ್ಕರೆ ಕಾಯಿಲೆಯವರು ವೈದ್ಯರನ್ನು ಕೇಳಿಕೊಳ್ಳಲಿ.

4. ಹಿತ್ತಲಲ್ಲಿ, ಬಚ್ಚಲ ನೀರು ಹರಿಯುವ ಕಡೆ, ಒಂದು ಸೀಬೆ ಗಿಡ, ಒಂದು ಪಪ್ಪಾಯಿ ಹಾಕಿ. ಅದು ಮಾರುವ ಗಿಡವಲ್ಲ ಎಂದು ಮೊದಲೇ ತೀರ್ಮಾನಿಸಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಎರಡು ವಾರಕ್ಕೂ ಹೆಚ್ಚು ಕಾಲ ನಿದ್ದೆ ಕೆಟ್ಟು, ಊಟ ಬೇಡವಾಗಿ, ಯಾವುದರಲ್ಲೂ ಆಸಕ್ತಿ ಇಲ್ಲದೆ, “ನಾನು ಇದ್ದು ಏನು ಪ್ರಯೋಜನ” ಎಂಬ ಮಾತು ಬರುತ್ತಿದ್ದರೆ ಹಣ್ಣು ಕೊಟ್ಟು ಕಾಯುತ್ತಾ ಕೂರಬೇಡಿ. ಅದು ಸೋಮಾರಿತನವೂ ಅಲ್ಲ, ದೆವ್ವದ ಕಾಟವೂ ಅಲ್ಲ, ಚಿಕಿತ್ಸೆ ಇರುವ ಕಾಯಿಲೆ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಖಿನ್ನತೆಯಿರುವ ನೂರರಲ್ಲಿ 85 ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಬಹುದು; ಕನ್ನಡದಲ್ಲೂ ತೆಲುಗಿನಲ್ಲೂ ಮಾತನಾಡುತ್ತಾರೆ. ಹೊಲದ ಕೀಟನಾಶಕದ ಡಬ್ಬಿಗಳನ್ನು ಮನೆಯೊಳಗೆ ತೆರೆದಿಡದೆ ಬೀಗ ಹಾಕಿಡಿ. ಬೀಗದ ಕೈ ಹಿರಿಯರ ಹತ್ತಿರ ಇರಲಿ. ಒಂದು ಕ್ಷಣದ ದುಡುಕನ್ನು ಒಂದು ಬೀಗ ತಡೆಯಬಲ್ಲದು.

ಆ ಹುಡುಗ ಈಗ ವೈದ್ಯರ ಬಳಿ ಹೋಗಿಬರುತ್ತಿದ್ದಾನೆ. ಪೂರ್ತಿ ಗುಣವಾಗಿದ್ದಾನೆಂದು ಹೇಳಲಾರೆವು. ಮೊನ್ನೆ ನಾವು ಹೋದಾಗ ಬಾಗಿಲಲ್ಲಿ ಕೂತಿದ್ದ. ತಾಯಿ ಎರಡು ಚೀನಿ ಸುಲಿದು ತಂದರು. ಒಂದು ನಮಗೆ, ಒಂದು ಅವನಿಗೆ. “ಇವು ಮಾರೋದಕ್ಕಲ್ಲ ಫಾದರ್” ಎಂದರು.