ಲಾರಿಯ ಎಂಜಿನ್ನಿಗೆ ಸರಪಣಿಯೋ, ಹಲ್ಲುಚಕ್ರವೋ?

ದೇವನಹಳ್ಳಿ ಸೀಮೆಯ ಚನ್ನರಾಯಪಟ್ಟಣದಿಂದ ದ್ರಾಕ್ಷಿ, ತರಕಾರಿಗಳನ್ನು ಹೊತ್ತು ಹೊರಡುವ ಲಾರಿಯ ಎಂಜಿನ್ನಿನಲ್ಲಿ ಕ್ರ್ಯಾಂಕ್ ದಂಡವು ಎರಡು ಸುತ್ತು ತಿರುಗುವಷ್ಟರಲ್ಲಿ, ಕವಾಟಗಳನ್ನು ತೆರೆಯುವ ಕ್ಯಾಮ್ ದಂಡವು ಒಂದೇ ಸುತ್ತು ತಿರುಗಬೇಕು. ಇವೆರಡನ್ನೂ ಬೆಸೆಯಲು ಸರಪಣಿ ಮೇಲೋ, ಹಲ್ಲುಚಕ್ರ ಮೇಲೋ?

ಸರಪಣಿ ಹಗುರ, ಸದ್ದೂ ಕಡಿಮೆ. ಆದರೆ ಅದರ ಹತ್ತಾರು ಕೀಲುಗಳು ಒಂದೊಂದೂ ಕೂದಲೆಳೆಯಷ್ಟು ಸವೆದರೂ ಒಟ್ಟು ಉದ್ದ ಹೆಚ್ಚುವುದು. (ಉಕ್ಕೇ ಹಿಗ್ಗಿತೆಂಬ ಮಾತು ಸರಿಯಲ್ಲ.) ಆಗ ಕವಾಟಗಳು ತಡವಾಗಿ ತೆರೆಯುವುವು. ಸಡಿಲಗೊಂಡ ಸರಪಣಿಯು 24 ಹಲ್ಲುಗಳ ಕ್ರ್ಯಾಂಕ್ ಚಕ್ರದ ಮೇಲೆ ಒಂದೇ ಹಲ್ಲು ಜಿಗಿದರೂ 15 ಡಿಗ್ರಿ ತಪ್ಪಿದಂತೆ. ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ನಿಗೂ ಕವಾಟಕ್ಕೂ ನಡುವಣ ತೆರಪು ಅತ್ಯಲ್ಪ. ಅವು ಒಂದಕ್ಕೊಂದು ಬಡಿದು ಮುರಿಯಬಹುದು.

ಆದುದರಿಂದ ಲಾರಿಗೆ ನಾವು ಹಲ್ಲುಚಕ್ರವನ್ನೇ ಆರಿಸುವೆವು. ಟಾಟಾ ಲಾರಿಗಳಲ್ಲಿ ಬಂದ ಕಮಿನ್ಸ್ ಬಿ ಶ್ರೇಣಿಯ ಎಂಜಿನ್ನುಗಳಲ್ಲಿರುವುದೂ ಅದೇ. ಗೊರಗುಟ್ಟುವುದೊಂದು ಅದರ ದೋಷ. ಹಲ್ಲುಗಳನ್ನು ಓರೆಯಾಗಿ ಕೊರೆದರೆ ಅದೂ ಬಹುಮಟ್ಟಿಗೆ ಅಡಗುವುದು.