ಮನೆ ಸಾಲ: ಬಡ್ಡಿ ಕೇಳುವ ಮುನ್ನ ಪತ್ರ ತೆಗೆದು ನೋಡಿ!

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ- ಈ ನಾಲ್ಕೂ ಕಡೆ ಇವತ್ತು ಮನೆ ಸಾಲ ಕೊಡುವವರಿಗೇನೂ ಬರವಿಲ್ಲ. ಸರ್ಕಾರಿ ಬ್ಯಾಂಕ್ ಉಂಟು, ಗ್ರಾಮೀಣ ಬ್ಯಾಂಕ್ ಉಂಟು, ಸಹಕಾರ ಸಂಘ ಉಂಟು, ಗೃಹಸಾಲದ ಕಂಪನಿಗಳೂ ಉಂಟು. ಇವರೆಲ್ಲ ಕೈ ಆಡಿಸಿದರೆ ಕೈಸಾಲದ ಸಾಹುಕಾರರಂತೂ ಇದ್ದೇ ಇದ್ದಾರೆ. ಬರ ಇರುವುದು ಯಾರ ಬಾಗಿಲು ತಟ್ಟಬೇಕೆಂಬ ತಿಳಿವಳಿಕೆಗೆ ಮಾತ್ರ!

"ಬಡ್ಡಿ ಎಷ್ಟು ಸಾರ್?" ಎಲ್ಲರ ಮೊದಲ ಪ್ರಶ್ನೆ ಇದೇ. ಕೇಳುವುದು ತಪ್ಪಲ್ಲ. ಆದರೆ ಕಡಿಮೆ ಬಡ್ಡಿಯವರು ನಿಮಗೆ ಸಾಲ ಕೊಡುತ್ತಾರೋ ಇಲ್ಲವೋ ಎಂಬುದನ್ನು ತೀರ್ಮಾನ ಮಾಡುವುದು ನಿಮ್ಮ ಮನೆಯ ಟ್ರಂಕಿನಲ್ಲಿರುವ ಪತ್ರ.

ಕಾಗದ ಕಡಿಮೆ, ಬಡ್ಡಿ ಜಾಸ್ತಿ

ಬ್ಯಾಂಕಿನವರು ಕೇಳುವುದೇನು? ಕ್ರಯಪತ್ರ, ಅದರ ಹಿಂದಿನ ಮೂಲಪತ್ರ, ಇ.ಸಿ., ಖಾತೆ, ಕಂದಾಯ ರಸೀದಿ. ಪಂಚಾಯ್ತಿ ವ್ಯಾಪ್ತಿಯ ಜಾಗವಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11. ನಮ್ಮ ಕಡೆ ಗಾಡಿ ನಿಲ್ಲುವುದೇ ಇಲ್ಲಿ. ನಿವೇಶನ ಇನ್ನೂ ತೀರಿಹೋದ ತಾತನ ಹೆಸರಿನಲ್ಲೇ ಇರುತ್ತದೆ, ಪೌತಿ ಖಾತೆ ಆಗಿರುವುದಿಲ್ಲ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಭಾಗ ಆಗಿರುತ್ತಾರೆ, ವಿಭಾಗ ಪತ್ರ ನೋಂದಣಿ ಆಗಿರುವುದಿಲ್ಲ. ಇಲ್ಲವೇ ಅಲಿನೇಷನ್ ಆಗದ ಜಮೀನಿನಲ್ಲಿ ಪಾಯ ಎದ್ದಿರುತ್ತದೆ. ಬ್ಯಾಂಕಿನ ವಕೀಲರು ತಲೆ ಅಲ್ಲಾಡಿಸುತ್ತಾರೆ, ಕಡತ ವಾಪಸ್ ಬರುತ್ತದೆ.

ಆಗ ಏಜೆಂಟ್ ಮಹಾಶಯ ಹಾಜರ್. "ಅಷ್ಟೆಲ್ಲ ಕಾಗದ ಬೇಡ ಸಾರ್, ನಾವು ಮಾಡಿಸಿಕೊಡ್ತೀವಿ." ಮಾಡಿಸಿಕೊಡುವುದು ನಿಜವೇ. ಕಾಗದ ಕಡಿಮೆ ಕೇಳುವವರು ಬಡ್ಡಿ ಜಾಸ್ತಿ ಕೇಳುತ್ತಾರೆ, ಅಷ್ಟೇ!

ಲೆಕ್ಕ ಹಾಕಿ. 10 ಲಕ್ಷ ರೂಪಾಯಿ, 15 ವರ್ಷ. ಬಡ್ಡಿ ಶೇ. 9 ಆದರೆ ತಿಂಗಳ ಕಂತು ಸುಮಾರು 10,143 ರೂ. ಶೇ. 13 ಆದರೆ 12,652 ರೂ. ತಿಂಗಳಿಗೆ ಎರಡೂವರೆ ಸಾವಿರ ತಾನೇ ಎನ್ನಬೇಡಿ. 15 ವರ್ಷಕ್ಕೆ ಹೆಚ್ಚುವರಿಯಾಗಿ ಹೋಗುವುದು ನಾಲ್ಕೂವರೆ ಲಕ್ಷ! ಪೌತಿ ಖಾತೆಗೆ, ವಿಭಾಗ ಪತ್ರಕ್ಕೆ ಆರು ತಿಂಗಳು ಚಪ್ಪಲಿ ಸವೆಸಿದರೂ ಇಷ್ಟು ದುಡ್ಡಿನ ಮುಂದೆ ಅದು ಯಾವ ಲೆಕ್ಕ?

ಕಂತು ತಿಂಗಳಿಗೆ, ದುಡ್ಡು ವರ್ಷಕ್ಕೆ

ಎರಡನೆಯ ಮಾತು ನಮ್ಮ ಸೀಮೆಯದೇ. ಹುಣಸೂರು, ಪಿರಿಯಾಪಟ್ಟಣದಲ್ಲಿ ದುಡ್ಡು ಓಡಾಡುವುದು ತಂಬಾಕು ಹರಾಜು ಶುರುವಾದ ಮೇಲೆ. ಕೆ.ಆರ್.ನಗರದಲ್ಲಿ ಭತ್ತ ಕೊಯ್ದ ಮೇಲೆ. ಕೋಟೆ ಕಡೆ ಹತ್ತಿ, ಶುಂಠಿ ಮಾರಿದ ಮೇಲೆ. ಅಂಗಡಿಯವರ ಹಳೆ ಬಾಕಿ ವಸೂಲಾಗುವುದೂ ಆಗಲೇ. ಕಂತು ಮಾತ್ರ ತಿಂಗಳು ತಿಂಗಳಿಗೆ ಬಾಗಿಲು ಬಡಿಯುತ್ತದೆ.

ಹೀಗಾಗಿ ಕೇಳಬೇಕಾದ ಪ್ರಶ್ನೆ: "ಕೈಯಲ್ಲಿ ದುಡ್ಡಿದ್ದಾಗ ಅಸಲಿಗೆ ಒಂದೇ ಸಲ ಕಟ್ಟಬಹುದೇ? ಅದಕ್ಕೆ ದಂಡ ಉಂಟೇ?" ಬದಲಾಗುವ ಬಡ್ಡಿ, ಅಂದರೆ ಫ್ಲೋಟಿಂಗ್ ದರದ ಮನೆ ಸಾಲಕ್ಕೆ ಬ್ಯಾಂಕುಗಳಾಗಲಿ ಗೃಹಸಾಲ ಕಂಪನಿಗಳಾಗಲಿ ಅಂಥ ದಂಡ ಹಾಕುವಂತಿಲ್ಲ. ವರ್ಷಕ್ಕೊಮ್ಮೆ ಐವತ್ತು ಸಾವಿರ ಅಸಲಿಗೆ ಬಿದ್ದರೆ ಸಾಲದ ವರ್ಷಗಳೇ ಕಮ್ಮಿಯಾಗುತ್ತವೆ.

ಫ್ಲೋಟಿಂಗ್ ದರ ಏರುವುದೂ ಉಂಟು. 2022ರ ಮೇನಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕಿನ ರೆಪೊ ದರ ಶೇ. 4ರಿಂದ 6.5ಕ್ಕೆ ಏರಿತು. ಕಂತು ಹಾಗೇ ಇದ್ದು, ಸಾಲದ ವರ್ಷಗಳು ಸದ್ದಿಲ್ಲದೆ ಬೆಳೆದವು. ಹೀಗೆ ದರ ಬದಲಾದಾಗ ಕಂತು ಏರಿಸಬೇಕೋ ಅವಧಿ ಏರಿಸಬೇಕೋ ಎಂದು ಸಾಲಗಾರನನ್ನೇ ಕೇಳಬೇಕೆಂದು 2023ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕ್ ಆದೇಶಿಸಿತು. ಕೇಳದಿದ್ದರೆ ನೀವೇ ಹೋಗಿ ಕೇಳಿ.

ಕಂತು 90 ದಿನಕ್ಕಿಂತ ಹೆಚ್ಚು ಬಾಕಿ ಬಿದ್ದರೆ ಸಾಲ ವಸೂಲಾಗದ ಪಟ್ಟಿಗೆ ಸೇರುತ್ತದೆ. ಆಮೇಲೆ 2002ರ ಸರ್ಫೇಸಿ ಕಾಯ್ದೆಯಂತೆ 60 ದಿನದ ನೋಟಿಸು. ದಾವೆ ಹೂಡದೆಯೇ ಮನೆ ಹರಾಜಿಗಿಡುವ ಅಧಿಕಾರ ಆ ಕಾಯ್ದೆಯಲ್ಲಿದೆ. ಮೊದಲ ಕಂತು ತಪ್ಪಿದಾಗಲೇ ಮ್ಯಾನೇಜರ್ ಎದುರು ಕೂರುವುದು ಒಳ್ಳೆಯದು. ತಲೆಮರೆಸಿಕೊಂಡರೆ ಕೆಲಸ ಕೆಡುತ್ತದೆ.

ಅಡಮಾನವೋ? ಕ್ರಯವೋ?

ಎಲ್ಲಕ್ಕಿಂತ ಅಪಾಯ ಕೈಸಾಲದ್ದು. "ನೂರಕ್ಕೆ ಮೂರೇ ರೂಪಾಯಿ" ಎಂದರೆ ವರ್ಷಕ್ಕೆ ಶೇ. 36! ಅದಿರಲಿ, ಕೆಲವರು ಅಡಮಾನದ ಬದಲು ಕ್ರಯಪತ್ರವನ್ನೇ ಬರೆಸಿಕೊಳ್ಳುತ್ತಾರೆ. "ದುಡ್ಡು ಕೊಟ್ಟ ದಿನ ವಾಪಸ್ ಬರೆದುಕೊಡ್ತೀನಿ, ನಂಬಿಕೆ ಮುಖ್ಯ" ಎನ್ನುತ್ತಾರೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆ ಏನು ಹೇಳುತ್ತದೆ ಗೊತ್ತೇ? ವಾಪಸ್ ಕೊಡುವ ಷರತ್ತು ಅದೇ ಕ್ರಯಪತ್ರದೊಳಗೆ ಬರೆದಿರದಿದ್ದರೆ ಅದು ಅಡಮಾನ ಅನ್ನಿಸಿಕೊಳ್ಳುವುದಿಲ್ಲ. ಸಬ್ ರಿಜಿಸ್ಟ್ರಾರ್ ಮುಂದೆ ಹೆಬ್ಬೆಟ್ಟು ಒತ್ತಿದ ಮೇಲೆ ಬಾಯಿಮಾತನ್ನು ಕೇಳುವವರು ಯಾರು?

ಹುಣಸೂರಿನವರೇ ಆದ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ 1976ರಲ್ಲಿ ಋಣ ಪರಿಹಾರ ಕಾಯ್ದೆ ತಂದು ಸಣ್ಣ ರೈತರ, ಕೂಲಿಕಾರರ ಹಳೆಯ ಖಾಸಗಿ ಸಾಲಗಳನ್ನು ತೀರಿಸಿದ್ದನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಅಂಥದ್ದು ಮತ್ತೆ ಬಂದೀತೆಂದು ನಂಬಿ ಇವತ್ತು ಮನೆ ಬರೆದುಕೊಡುವುದು ಜಾಣತನವಲ್ಲ.

ಸಹಿಗೆ ಮುನ್ನ

2024ರ ಅಕ್ಟೋಬರ್‌ನಿಂದ ಬ್ಯಾಂಕು, ಕಂಪನಿಗಳು ಸಾಲದ ಮುಖ್ಯ ವಿವರಗಳ ಪತ್ರವನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲೇ ಕೊಡಬೇಕು. ಕೆ.ಎಫ್.ಎಸ್. ಎಂದರೆ ಅವರಿಗೆ ಅರ್ಥವಾಗುತ್ತದೆ. ಕನ್ನಡದಲ್ಲೇ ಕೊಡಿ ಎನ್ನಿ. ಪ್ರೊಸೆಸಿಂಗ್ ಫೀಜು, ವಿಮೆ ಎಲ್ಲ ಸೇರಿ ವರ್ಷಕ್ಕೆ ನಿಜವಾದ ದರ ಎಷ್ಟೆಂಬುದು ಅದರಲ್ಲಿರುತ್ತದೆ. ಇಬ್ಬರ ಹತ್ತಿರ ಪಡೆದು ಪಕ್ಕಪಕ್ಕದಲ್ಲಿಟ್ಟು ನೋಡಿ. ಸಹಕಾರ ಸಂಘವಾದರೆ ಒಂದು ಮಾತು: ಬ್ಯಾಂಕ್ ಲೈಸೆನ್ಸ್ ಇಲ್ಲದ ಸಂಘಗಳಿಗೆ ರಿಸರ್ವ್ ಬ್ಯಾಂಕಿನ ಈ ನಿಯಮಗಳು ಅನ್ವಯಿಸುವುದಿಲ್ಲ. ಅಲ್ಲಿ ಎಲ್ಲವನ್ನೂ ಬರಹದಲ್ಲಿ ಕೇಳಿ ಪಡೆಯಬೇಕು.

ಸಾಲ ತೀರಿದ 30 ದಿನದೊಳಗೆ ಮೂಲಪತ್ರ ವಾಪಸ್ ಕೊಡಬೇಕು. ತಪ್ಪು ಅವರದಾಗಿ ತಡವಾದರೆ ದಿನಕ್ಕೆ 5,000 ರೂ. ಪರಿಹಾರ. 2023ರ ಡಿಸೆಂಬರ್‌ನಿಂದ ಈ ನಿಯಮ ಜಾರಿಯಲ್ಲಿದೆ. ಹಳೆಯ ಮೈಸೂರು ಬ್ಯಾಂಕಿನಲ್ಲಿ ಪತ್ರ ಇಟ್ಟವರು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಚಾರಿಸಬೇಕು, 2017ರ ಏಪ್ರಿಲ್ 1ರಂದೇ ವಿಲೀನ ಆಗಿದೆ. ಕಾವೇರಿ ಗ್ರಾಮೀಣ ಬ್ಯಾಂಕಿನವರು ಈಗಿನ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಕೇಳಬೇಕು. ಬ್ಯಾಂಕಿಗೆ ದೂರು ಕೊಟ್ಟು 30 ದಿನವಾದರೂ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. ವಿವರಕ್ಕೆ 14448 ನಂಬರಿಗೆ ಫೋನ್ ಮಾಡಬಹುದು.

ತಳಿರು ತೋರಣ ಕಟ್ಟಿ ಹಾಲುಕ್ಕಿಸಿದ ದಿನ ಮನೆ ಅರ್ಧ ಮಾತ್ರ ನಿಮ್ಮದು. ಪತ್ರ ವಾಪಸ್ ಬಂದು, ಇ.ಸಿ.ಯಲ್ಲಿ ಅಡಮಾನ ತೀರಿದ್ದು ಕಣ್ಣಾರೆ ಕಂಡ ದಿನವೇ ನಿಜವಾದ ಗೃಹಪ್ರವೇಶ!