ಮೆಮೊರಿ ಕಾರ್ಡ್: ಕವರಿನ ವೇಗ ಬೇರೆ, ಗಡಿಯಾರದ ವೇಗ ಬೇರೆ

ಬೀಜದ ಚೀಲದ ಮೇಲೆ ಗೊಂಚಲು ಕಾಯಿ ಬಿಟ್ಟ ಶೇಂಗಾ ಗಿಡದ ಚಿತ್ರ ಇರ್ತದೆ. ಅದನ್ನು ನೋಡಿ ಯಾರೂ ಬಿತ್ತುವುದಿಲ್ಲ. ಚೀಟಿಯಲ್ಲಿ ಮೊಳಕೆ ಎಷ್ಟು ಅಂತ ಓದ್ತೇವೆ. ಪ್ರಮಾಣಿತ ಶೇಂಗಾಕ್ಕೆ ಅದು ಕನಿಷ್ಠ ಶೇ. 70 ಇರಬೇಕು. ಅಷ್ಟಕ್ಕೂ ಬಿಡದೆ ನೂರು ಕಾಳು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಎಣಿಸ್ತೇವೆ. ಫೋನಿಗೆ ಹಾಕುವ ಮೆಮೊರಿ ಕಾರ್ಡನ್ನೂ ಹೀಗೇ ನೋಡಬೇಕು. ಈಗ ಬೆಳೆಹಾನಿ ಫೋಟೋ, ಪಹಣಿ ಪ್ರತಿ, ಎಲ್ಲ ಅದರಲ್ಲೇ ಇರೋದು.

ಕವರಿನಲ್ಲಿ ಏನಿದೆ?

ನಾನು ಕೊಂಡ 64 ಜಿಬಿ ಕಾರ್ಡಿನ ಕವರಿನಲ್ಲಿ ದಪ್ಪಕ್ಷರದಲ್ಲಿ ‘ಸೆಕೆಂಡಿಗೆ 100 ಎಂಬಿ ವರೆಗೆ’ ಅಂತ ಇತ್ತು. ಈ ‘ವರೆಗೆ’ ಗಮನಿಸಿ. ಇಂಥ ದೊಡ್ಡ ಅಂಕಿ ಸಾಮಾನ್ಯವಾಗಿ ಕಾರ್ಡಿನಿಂದ ಓದುವ ವೇಗ. ವಿಡಿಯೋ ತೆಗೆಯುವಾಗ ಬೇಕಾದದ್ದು ಕಾರ್ಡಿಗೆ ಬರೆಯುವ ವೇಗ. ಕಾರ್ಡು ಶಾಲೆಯ ಹಲಗೆ ಇದ್ದಂಗೆ, ಹಳೇದನ್ನು ಅಳಿಸಿ ಹೊಸದು ಬರೀಬೇಕು. ಹಾಗಾಗಿ ಬರೆಯೋದು ನಿಧಾನ.

ಕನಿಷ್ಠ ಎಷ್ಟು ಅಂತ ಹೇಳೋದು ಚಿಕ್ಕ ಗುರುತುಗಳು. ಸಿ ಅಕ್ಷರದೊಳಗೆ 10, ಇಲ್ಲವೆ ಯು ಒಳಗೆ 1 ಇದ್ದರೆ ಸೆಕೆಂಡಿಗೆ ಕನಿಷ್ಠ 10 ಎಂಬಿ ಬರೀಬೇಕು. ಯು ಒಳಗೆ 3 ಅಥವಾ ವಿ30 ಇದ್ದರೆ ಕನಿಷ್ಠ 30 ಎಂಬಿ.

ಅಳೆಯುವ ಕ್ರಮ

ಫೋನಿನಲ್ಲಿ ಸುಮಾರು 1000 ಎಂಬಿಯ ಒಂದು ವಿಡಿಯೋ ಇರಲಿ. ಅದನ್ನು ಫೋನಿನಿಂದ ಕಾರ್ಡಿಗೆ ಕಾಪಿ ಮಾಡಿ, ಎಷ್ಟು ಸೆಕೆಂಡು ಹಿಡೀತು ಅಂತ ಗಡಿಯಾರ ನೋಡಿ. 1000ವನ್ನು ಆ ಸೆಕೆಂಡಿನಿಂದ ಭಾಗಿಸಿ. ಮೂರು ಸಲ ಮಾಡಿ ಸರಾಸರಿ ತೆಗೀರಿ. ಸಣ್ಣ ವಿಡಿಯೋ ಬೇಡ. ಮೊದಲ ಕೆಲವು ಸೆಕೆಂಡು ಓಟ ಜೋರಾಗಿದ್ದು ಆಮೇಲೆ ಇಳಿಯೋದುಂಟು.

ನನ್ನ ಕಾರ್ಡಿನಲ್ಲಿ ಬಂದ ಲೆಕ್ಕ:

ವಿಡಿಯೋ ಬರೆಯಲು 40 ಸೆಕೆಂಡು, ಅಂದರೆ 25 ಎಂಬಿ.
ಅದನ್ನೇ ವಾಪಸು ಓದಲು 16 ಸೆಕೆಂಡು, ಅಂದರೆ 62 ಎಂಬಿ.
ಅಷ್ಟೇ ತೂಕದ 300 ಫೋಟೋ ಬರೆಯಲು 62 ಸೆಕೆಂಡು, ಅಂದರೆ 16 ಎಂಬಿ.

ಫೋಟೋಗಳಿಗೆ ಹೊತ್ತು ಯಾಕೆ ಹೆಚ್ಚು ಅಂದರೆ ಪ್ರತಿಯೊಂದಕ್ಕೂ ಹೆಸರು, ಜಾಗ ಬೇರೆ ಬೇರೆ ಬರೀಬೇಕು.

ಇದೇ ಕಾರ್ಡನ್ನು ಹಳೆಯ ಯುಎಸ್‌ಬಿ 2.0 ರೀಡರಿನಲ್ಲಿ ಹಾಕಿ ಕಂಪ್ಯೂಟರಿಗೆ ಓದಿಸಿದರೆ 34 ಎಂಬಿ ಮಾತ್ರ ಬಂತು. ಬಾವಿ ತುಂಬ ನೀರಿದ್ದರೂ ಪೈಪು ಒಂದಿಂಚಿನದಾದರೆ ಅಷ್ಟೇ. ಕಾರ್ಡನ್ನು ದೂರುವ ಮೊದಲು ರೀಡರು, ಫೋನು ನೋಡಿಕೊಳ್ಳಿ.

ನಮಗೆ ಎಷ್ಟು ಬೇಕು?

ಸಾಮಾನ್ಯ ಫೋನಿನ ಫುಲ್ ಎಚ್‌ಡಿ ವಿಡಿಯೋ ಸೆಕೆಂಡಿಗೆ ಸುಮಾರು 2 ಎಂಬಿ, 4ಕೆ ವಿಡಿಯೋ ಸುಮಾರು 6 ಎಂಬಿ ಬರೀತದೆ. ಬಿಡದೆ 10 ಎಂಬಿ ಬರೆಯುವ ಕಾರ್ಡು ನಮ್ಮ ಕೆಲಸಕ್ಕೆ ಸಾಕು. ಕವರಿನ ದೊಡ್ಡ ಅಂಕಿಗೆ ಹೆಚ್ಚು ದುಡ್ಡು ಕೊಡಬೇಕಾಗಿಲ್ಲ.

ನಕಲಿ ಕಾರ್ಡು

ವೇಗಕ್ಕಿಂತ ದೊಡ್ಡ ಮೋಸ ಇದು. ಒಳಗೆ 8 ಜಿಬಿ ಇಟ್ಟು ಫೋನಿಗೆ 64 ಅಂತ ತೋರಿಸುವ ಕಾರ್ಡುಗಳಿವೆ. ಎಂಟು ತುಂಬುವ ತನಕ ಎಲ್ಲ ಸರಿ. ಆಮೇಲೆ ತೆಗೆದ ಫೋಟೋ ತೆರೆಯೋದಿಲ್ಲ, ಇಲ್ಲವೆ ಹಳೇದೇ ಅಳಿಸಿಹೋಗ್ತದೆ. ಹಾನಿಯಾದ ಹೊಲದ ಫೋಟೋ ಹೋದರೆ ಮತ್ತೆ ತೆಗೆಯೋಕೆ ಆ ಬೆಳೆ ಇರೋದಿಲ್ಲ.

ಇದನ್ನು ಹಿಡಿಯಲು ಕಂಪ್ಯೂಟರಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯು ಅಥವಾ ಎಫ್3 ಎಂಬ ಉಚಿತ ತಂತ್ರಾಂಶ ಇದೆ. ಕಾರ್ಡು ಪೂರ್ತಿ ತುಂಬಿಸಿ, ತಿರುಗಿ ಓದಿ, ತಾಳೆ ನೋಡ್ತದೆ. ಬರೆಯುವ, ಓದುವ ವೇಗವನ್ನೂ ಹೇಳ್ತದೆ. ನನ್ನ ಕಾರ್ಡಿಗೆ ಒಂದೂಕಾಲು ಗಂಟೆ ಹಿಡೀತು. ಹೊಸ ಖಾಲಿ ಕಾರ್ಡಿನಲ್ಲೇ ಮಾಡಿ, ಬಿಲ್ಲು ಕೈಯಲ್ಲಿರುವಾಗಲೇ, ಅಂಗಡಿಯವರು ವಾಪಸು ತಗೊಳ್ಳುವ ದಿನ ಮುಗಿಯೋದರೊಳಗೆ.